ಪೋಲಿಯೋ ಹೋಯ್ತು, ಹೆಜ್ಜೆ ಗುರುತು ಉಳೀತು

ಅಘನಾಶಿನಿ ಸಮುದ್ರ ಸೇರೋ ತದಡಿಯಲ್ಲಿ ಇಳಿತದ ಹೊತ್ತಿಗೆ ಹಸಿ ನೆಲ ಬಯಲಾಗುತ್ತೆ. ಒಂದು ಕಾಲು ಗಿಡ್ಡ ಇರೋರು ಅಲ್ಲಿ ನಡೆದ್ರೆ, ಆ ಕಾಲಿನ ಹಿಮ್ಮಡಿ ಗುರುತು ಸಾಮಾನ್ಯವಾಗಿ ಸರಿಯಾಗಿ ಮೂಡಲ್ಲ. ಒತ್ತಡವೆಲ್ಲ ಬೆರಳಿನ ಬುಡಕ್ಕೆ.

ಹಳೇ ತಲೆಮಾರಲ್ಲಿ ಇದಕ್ಕೊಂದು ದೊಡ್ಡ ಕಾರಣ ಪೋಲಿಯೋ. ಮಗುವಿನ ಸ್ನಾಯು ಸೋತರೆ ಆ ಕಾಲಿನ ಮೂಳೆ ಬೆಳೆಯೋದೂ ಕಮ್ಮಿ. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾಯ್ತು. 2014ರ ಮಾರ್ಚ್‌ನಲ್ಲಿ ಪೋಲಿಯೋಮುಕ್ತ ಅಂತ ಸರ್ಟಿಫಿಕೇಟ್ ಬಂತು. ಕಥೆಯನ್ನ ಅಲ್ಲಿಗೇ ಮುಗಿಸಿಬಿಡ್ತೀವಿ. ಆದ್ರೆ ಮೊದಲೇ ಪೋಲಿಯೋ ಬಂದೋರು ಇನ್ನೂ ನಡೀತಾ ಇದ್ದಾರಲ್ಲ!

ಅವರಿಗೆ ಸಿಕ್ಕಿದ್ದು ಅಟ್ಟೆ ಎತ್ತರಿಸಿದ ಬೂಟು. ಹಿಮ್ಮಡಿಗೂ ಆಸರೆ ಸಿಗುತ್ತೆ, ಒತ್ತಡ ಹಂಚಿಹೋಗುತ್ತೆ. ಆದ್ರೆ ನಮ್ಮ ಕಡೆ ಮನೆಯೊಳಗೆ ಬೂಟು ಯಾರು ಹಾಕ್ತಾರೆ? ಅದು ಜಗಲಿ ಕೆಳಗೆ. ಒಳಗೆ ಮತ್ತೆ ತುದಿಗಾಲು.