ಹಿತ್ತಲ ಚಕ್ಕೋತ ಮತ್ತು ತಡವಾಗಿ ಬರುವ ತಿಳುವಳಿಕೆ

ಗ್ರೇಪ್‌ಫ್ರೂಟ್ ಎಂದರೆ ಯಾವ ಹಣ್ಣು ಎಂದು ಬೂವನಹಳ್ಳಿಯಲ್ಲಿ ಕೇಳಿದರೆ ದ್ರಾಕ್ಷಿ ಎಂಬ ಉತ್ತರವೇ ಬಂದೀತು. ಅದು ನಮ್ಮ ಕಡೆಯ ಸಂತೆಗೆ ಬರುವ ಹಣ್ಣಲ್ಲ. ಆದರೆ ಅದರ ತಾಯಿಯನ್ನು ನಾವೆಲ್ಲ ಬಲ್ಲೆವು. ಕನ್ನಡದಲ್ಲಿ ಚಕ್ಕೋತ, ಉರ್ದುವಿನಲ್ಲಿ ಚಕೋತ್ರಾ. ದಪ್ಪ ಸಿಪ್ಪೆ ಸುಲಿದು, ತೊಳೆ ಬಿಡಿಸಿ, ಉಪ್ಪು ಖಾರ ಹಚ್ಚಿ ತಿನ್ನುವಾಗ ಈ ಹಣ್ಣಿಗೂ ಒಂದು ಚರಿತ್ರೆ ಇದೆಯೆಂಬುದು ನಮಗೆ ಹೊಳೆಯುವುದಿಲ್ಲ. ಆ ಚರಿತ್ರೆಯ ಇತ್ತೀಚಿನ ಅಧ್ಯಾಯ ನಮ್ಮ ಹಿರಿಯರ ಮಾತ್ರೆ ಡಬ್ಬಿಯವರೆಗೆ ಬಂದಿರುವುದರಿಂದ ಅದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಕರ್ನಾಟಕದಲ್ಲಿ ಚಕ್ಕೋತ ಎಂದೊಡನೆ ನೆನಪಾಗುವುದು ದೇವನಹಳ್ಳಿ. ಟಿಪ್ಪು ಸುಲ್ತಾನ್ ಹುಟ್ಟಿದ ಈ ಊರಿನ ಚಕ್ಕೋತ ತನ್ನ ಸಿಹಿಗೆ ಹೆಸರಾದದ್ದು. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. 2008ರ ಮೇ ತಿಂಗಳಲ್ಲಿ ಅಲ್ಲಿ ವಿಮಾನ ನಿಲ್ದಾಣ ತೆರೆಯಿತು. ಭೂಮಿಗೆ ಬೆಲೆ ಬಂತು, ಚಕ್ಕೋತದ ಮರಗಳು ಕಡಿಮೆಯಾದವು. ಹಾಸನದ ವಿಮಾನ ನಿಲ್ದಾಣಕ್ಕೆಂದು ಗುರುತಿಸಲಾದ ಬೂವನಹಳ್ಳಿಯ ಜನರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಕ್ಕೋತದ ಮೂಲ ಆಗ್ನೇಯ ಏಷ್ಯಾ. ಹಡಗು ಹತ್ತಿ ಅದು ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪವನ್ನು ತಲುಪಿತು. ಅಲ್ಲಿ ಕಿತ್ತಳೆಯೊಡನೆ ತಾನೇ ತಾನಾಗಿ ಬೆರೆತು ಹುಟ್ಟಿದ ಹಣ್ಣೇ ಗ್ರೇಪ್‌ಫ್ರೂಟ್. ಮರದಲ್ಲಿ ದ್ರಾಕ್ಷಿಯಂತೆ ಗೊಂಚಲು ಗೊಂಚಲಾಗಿ ಬಿಡುವುದರಿಂದ ಈ ಹೆಸರು ಬಂತೆನ್ನುತ್ತಾರೆ. 1750ರಲ್ಲಿ ಗ್ರಿಫಿತ್ ಹ್ಯೂಸ್ ಎಂಬ ಪಾದ್ರಿ ಬಾರ್ಬಡೋಸಿನ ‘ನಿಷಿದ್ಧ ಫಲ’ದ ಬಗ್ಗೆ ಬರೆದರು. 1830ರಲ್ಲಿ ಸಸ್ಯಶಾಸ್ತ್ರಜ್ಞ ಜೇಮ್ಸ್ ಮ್ಯಾಕ್‌ಫೇಡಿಯನ್ ಅದಕ್ಕೆ ‘ಸಿಟ್ರಸ್ ಪ್ಯಾರಡೈಸಿ’, ಅಂದರೆ ಸ್ವರ್ಗದ ಹುಳಿಹಣ್ಣು ಎಂದು ಹೆಸರಿಟ್ಟರು. ಒಂದೇ ಹಣ್ಣಿಗೆ ನಿಷೇಧವೂ ಸ್ವರ್ಗವೂ ಅಂಟಿಕೊಂಡವು!

ಈ ಜಾತಿಯ ಹಣ್ಣುಗಳ ಆರೋಗ್ಯಗುಣವನ್ನು ಮೊದಲು ಪರೀಕ್ಷೆಗೆ ಒಡ್ಡಿದ್ದೂ ಹಡಗಿನಲ್ಲಿಯೇ. ತಿಂಗಳುಗಟ್ಟಲೆ ಕಡಲಿನಲ್ಲಿದ್ದ ನಾವಿಕರ ವಸಡು ಕೊಳೆತು, ಹಲ್ಲು ಉದುರಿ, ಹಳೆಯ ಗಾಯಗಳು ಬಾಯಿ ಬಿಟ್ಟು ಅವರು ಸಾಯುತ್ತಿದ್ದರು. ಇದು ಸ್ಕರ್ವಿ ರೋಗ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 12 ರೋಗಿಗಳನ್ನು ಇಬ್ಬಿಬ್ಬರಂತೆ ಆರು ಗುಂಪು ಮಾಡಿ ಬೇರೆ ಬೇರೆ ಔಷಧಿ ಕೊಟ್ಟರು. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಇಷ್ಟು ಸ್ಪಷ್ಟವಾಗಿ ತಿಳಿದ ಮೇಲೂ ನೌಕಾಪಡೆ ನಿಂಬೆರಸವನ್ನು ಪಡಿಯಲ್ಲಿ ಸೇರಿಸಿದ್ದು 1795ರಲ್ಲಿ. ನಡುವಿನ 48 ವರ್ಷಗಳಲ್ಲಿ ಸತ್ತವರು ಮದ್ದಿಲ್ಲದೆ ಸತ್ತವರಲ್ಲ. ತಿಳಿದ ವಿಷಯ ತಮ್ಮವರೆಗೆ ಬಾರದೆ ಸತ್ತವರು.

ಲಿಂಡ್ ಕಂಡದ್ದು ಸಿ ಜೀವಸತ್ವದ ಗುಣ ಎಂಬುದು 20ನೇ ಶತಮಾನದಲ್ಲಿ ತಿಳಿಯಿತು. 100 ಗ್ರಾಂ ಚಕ್ಕೋತದಲ್ಲಿ ಸುಮಾರು 60 ಮಿಲಿಗ್ರಾಂ, ಗ್ರೇಪ್‌ಫ್ರೂಟಿನಲ್ಲಿ ಅದರ ಅರ್ಧದಷ್ಟು ಸಿ ಜೀವಸತ್ವವಿದೆ. ಎರಡರಲ್ಲಿಯೂ ನೀರಿನಂಶ ಹೆಚ್ಚು, ಕ್ಯಾಲೊರಿ ಕಡಿಮೆ, ಪೊಟ್ಯಾಸಿಯಂ ಮತ್ತು ನಾರೂ ಉಂಟು. ಇಷ್ಟು ನಿಜ. ಆದರೆ 1930ರ ದಶಕದಲ್ಲಿ ಅಮೆರಿಕದಲ್ಲಿ ಗ್ರೇಪ್‌ಫ್ರೂಟ್ ಕೊಬ್ಬು ಕರಗಿಸುತ್ತದೆ ಎಂಬ ಪಥ್ಯವೊಂದು ಹಬ್ಬಿತು. ಹಾಗೆ ತೂಕ ಇಳಿದವರು ಇಳಿದದ್ದು ಉಳಿದ ಊಟವನ್ನು ಬಿಟ್ಟದ್ದರಿಂದಲೇ.

ಮುಂದಿನ ಸಂಗತಿ ಆಕಸ್ಮಿಕವಾಗಿ ಬಯಲಿಗೆ ಬಂದದ್ದು. ಕೆನಡಾದ ಡೇವಿಡ್ ಬೇಲಿ ಮತ್ತು ಸಂಗಡಿಗರು ರಕ್ತದೊತ್ತಡದ ಮಾತ್ರೆ ಫೆಲೊಡಿಪಿನ್ ಮೇಲೆ ಮದ್ಯದ ಪರಿಣಾಮವನ್ನು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ತಿಳಿಯದಿರಲೆಂದು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧಿಯ ಪ್ರಮಾಣ ನಿರೀಕ್ಷೆ ಮೀರಿ ಏರಿತು. ಕಾರಣ ಮದ್ಯವಾಗಿರಲಿಲ್ಲ, ಹಣ್ಣಿನ ರಸವಾಗಿತ್ತು. ನಮ್ಮ ಕರುಳಿನ ಗೋಡೆಯಲ್ಲಿ ಔಷಧಿಯ ಒಂದು ಪಾಲನ್ನು ಒಡೆದುಹಾಕುವ ಕಿಣ್ವವಿದೆ. ಈ ಹಣ್ಣಿನಲ್ಲಿರುವ ಫ್ಯುರನೊಕೌಮರಿನ್ ಎಂಬ ರಾಸಾಯನಿಕಗಳು ಆ ಕಿಣ್ವವನ್ನು ಕೆಡಿಸುತ್ತವೆ. ಆಗ ನುಂಗಿದ್ದು ಒಂದೇ ಮಾತ್ರೆಯಾದರೂ ರಕ್ತಕ್ಕೆ ಸೇರುವುದು ಹಲವು ಮಾತ್ರೆಗಳಷ್ಟು ಆಗಬಹುದು. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದರೂ ನಡೆಯದು. ಪರಿಣಾಮ ಒಂದು ದಿನಕ್ಕೂ ಮೀರಿ ಉಳಿಯುತ್ತದೆ. ನಮ್ಮ ಚಕ್ಕೋತದಲ್ಲಿಯೂ ಇದೇ ರಾಸಾಯನಿಕಗಳಿವೆ.

ಕೊಲೆಸ್ಟರಾಲಿಗೆ ಕೊಡುವ ಸಿಮ್ವಸ್ಟಾಟಿನ್, ಅಟೊರ್ವಸ್ಟಾಟಿನ್, ಮೂತ್ರಪಿಂಡ ಕಸಿಯಾದವರು ನುಂಗುವ ಸೈಕ್ಲೊಸ್ಪೊರಿನ್, ಟ್ಯಾಕ್ರೊಲಿಮಸ್ ಈ ಪಟ್ಟಿಯಲ್ಲಿವೆ. ಎಲ್ಲ ಮಾತ್ರೆಗಳೂ ಹೀಗಲ್ಲ. ರಕ್ತದೊತ್ತಡದ ಮಾತ್ರೆಗಳಲ್ಲಿಯೇ ಹಲವಕ್ಕೆ ಈ ತೊಂದರೆ ಇಲ್ಲ. ಆದ್ದರಿಂದ ಹೆದರಿ ಮಾತ್ರೆ ಬಿಡುವುದೂ ಅಪಾಯ.

ಬೇಲಿಯವರ ವರದಿ ಮೊದಲು ಪ್ರಕಟವಾದದ್ದು 1989ರಲ್ಲಿ. ಅಂದಿನಿಂದ ಮೂರು ದಶಕಗಳು ಕಳೆದಿವೆ. ಆದರೂ ಕಾಯಿಲೆಯಲ್ಲಿರುವ ಅಬ್ಬಾಜಾನರನ್ನು ನೋಡಲು ಹೋಗುವಾಗ ಹಣ್ಣು ಒಯ್ಯುವ ನಾವು ಅವರ ಮಾತ್ರೆಯ ಹೆಸರನ್ನು ಕೇಳುವುದಿಲ್ಲ. ಡಾಕ್ಟರು ‘ಬೇರೇನು ತೆಗೆದುಕೊಳ್ಳುತ್ತೀರಿ’ ಎಂದಾಗ ‘ಏನೂ ಇಲ್ಲ’ ಎನ್ನುತ್ತೇವೆ. ಹಣ್ಣು ನಮ್ಮ ಲೆಕ್ಕದಲ್ಲಿ ಔಷಧಿಯಲ್ಲವಲ್ಲ! ಮಾತ್ರೆ ನುಂಗದ ಮಕ್ಕಳು, ಯುವಕರು ಚಕ್ಕೋತವನ್ನು ಧಾರಾಳವಾಗಿ ತಿನ್ನಲಿ. ದಿನವೂ ಮಾತ್ರೆ ನುಂಗುವವರು ಮುಂದಿನ ಸಲ ಔಷಧಿ ಅಂಗಡಿಗೆ ಹೋದಾಗ ಚೀಟಿ ತೋರಿಸಿ, ‘ಇದರ ಜೊತೆ ಚಕ್ಕೋತ ತಿನ್ನಬಹುದೇ?’ ಎಂದು ಒಂದು ಮಾತು ಕೇಳಲಿ. ಆ ನಾವಿಕರಂತೆ ನಾವು 48 ವರ್ಷ ಕಾಯಬೇಕಾಗಿಲ್ಲ.