ಗೆಂಡೆ ಮೀನಿನ ಸಾಕಣೆ: ಆಹಾರದ ಪ್ರೋಟೀನು ಮತ್ತು ಕೊಳದ ನೀರು

ಸಾಕಣೆಯ ಮೀನಿಗೆ ಕೊಡುವ ಆಹಾರದಲ್ಲಿನ ಪ್ರೋಟೀನು ಮೀನಿನ ಮಾಂಸಕ್ಕೆ ಮೂಲದ್ರವ್ಯವಾಗಿರುವಂತೆಯೇ ಕೊಳಕ್ಕೆ ಸೇರುವ ಸಾರಜನಕದ ಮುಖ್ಯ ಆಕರವೂ ಆಗಿದೆ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16ರಷ್ಟು ಸಾರಜನಕವಿರುವುದರಿಂದ, ಮೀನಿನ ಮೈಯಲ್ಲಿ ನಿಲ್ಲದ ಪ್ರೋಟೀನಿನ ಸಾರಜನಕವೆಲ್ಲ ನೀರಿಗೋ ತಳದ ಕೆಸರಿಗೋ ಹೋಗಲೇಬೇಕು. ಭಾರತದ ಒಳನಾಡು ಮೀನು ಸಾಕಣೆಯಲ್ಲಿ ಪ್ರಧಾನವಾದ ಕಾಟ್ಲಾ, ರೋಹು, ಮೃಗಾಲ್ ಎಂಬ ದೊಡ್ಡ ಗೆಂಡೆಗಳ ಕೊಳಗಳಲ್ಲಿ ಈ ಸಂಬಂಧ ಸ್ಪಷ್ಟವಾಗಿ ಕಾಣುತ್ತದೆ.

ಪ್ರೋಟೀನಿನ ಅಗತ್ಯ ಮೀನಿನ ವಯಸ್ಸಿಗೆ ತಕ್ಕಂತೆ ಇಳಿಯುತ್ತದೆ. ಗೆಂಡೆಯ ಎಳೆಮರಿಗಳಿಗೆ ಆಹಾರದಲ್ಲಿ ಸುಮಾರು ಶೇ. 40ರಷ್ಟು ಪ್ರೋಟೀನು ಬೇಕಾದರೆ, ಮಾರಾಟದ ಗಾತ್ರದತ್ತ ಬೆಳೆಯುವ ಮೀನಿಗೆ ಶೇ. 25ರಿಂದ 30 ಸಾಕಾಗುತ್ತದೆ. ಆದರೆ ಶೇಕಡಾವಾರು ಲೆಕ್ಕವೊಂದನ್ನೇ ನೋಡುವುದು ದಾರಿ ತಪ್ಪಿಸಬಹುದು. ಮೀನು ತನ್ನ ಮೈಯಲ್ಲಿ ತಯಾರಿಸಿಕೊಳ್ಳಲಾಗದ, ಆಹಾರದಿಂದಲೇ ಪಡೆಯಬೇಕಾದ 10 ಅಮೈನೊ ಆಮ್ಲಗಳಿದ್ದು, ಅವುಗಳಲ್ಲಿ ಒಂದು ಕಡಿಮೆಯಾದರೂ ಉಳಿದವು ಮಾಂಸವಾಗಿ ಜೋಡಣೆಗೊಳ್ಳದೆ ಒಡೆದುಹೋಗುತ್ತವೆ. ಕಡಲೆಕಾಯಿ ಹಿಂಡಿಯನ್ನೂ ಅಕ್ಕಿ ತೌಡನ್ನೂ ಸಮಪಾಲು ಬೆರೆಸಿ ಕೊಡುವ ರೂಢಿಯ ಮಿಶ್ರಣದಲ್ಲಿ ಹೆಚ್ಚುಕಡಿಮೆ ಶೇ. 28ರಷ್ಟು ಪ್ರೋಟೀನಿದ್ದು ಕಾಗದದ ಮೇಲೆ ಅದು ಸಾಕೆಂದು ತೋರಿದರೂ, ಹಿಂಡಿಯಲ್ಲಿ ಲೈಸೀನ್ ಮತ್ತು ಮೆಥಿಯೊನೀನ್ ಎಂಬ ಅಮೈನೊ ಆಮ್ಲಗಳ ಕೊರತೆಯಿರುವುದರಿಂದ ಅದೇ ಪ್ರಮಾಣದ ಪ್ರೋಟೀನನ್ನು ಮೀನುಪುಡಿಯಿಂದಲೋ ಸೋಯಾ ಹಿಂಡಿಯಿಂದಲೋ ಪಡೆದ ಆಹಾರಕ್ಕೆ ಅದು ಸಮನಾಗುವುದಿಲ್ಲ. ಈ ಅಗ್ಗದ ಮಿಶ್ರಣದ ಉಳಿದ ವೆಚ್ಚವನ್ನು ನೀರು ಭರಿಸುತ್ತದೆ ಎನ್ನಬಹುದು.

ಮೈಗೂಡದ ಅಮೈನೊ ಆಮ್ಲಗಳನ್ನು ಮೀನು ಶಕ್ತಿಗಾಗಿ ಉರಿಸುತ್ತದೆ. ಆಗ ಮುಖ್ಯವಾಗಿ ಯಕೃತ್ತಿನಲ್ಲಿ ಬೇರ್ಪಡುವ ಅಮೋನಿಯವನ್ನು ಸಸ್ತನಿಗಳಂತೆ ಯೂರಿಯವಾಗಿ ಮಾರ್ಪಡಿಸುವ ಶ್ರಮಕ್ಕೆ ಹೋಗದೆ ನೇರವಾಗಿ, ಬಹುಪಾಲು ಕಿವಿರುಗಳ ಮೂಲಕ, ನೀರಿಗೆ ಬಿಡುತ್ತದೆ. ಇದರ ಪ್ರಮಾಣವನ್ನು ಸರಳ ಲೆಕ್ಕದಿಂದ ಅಂದಾಜಿಸಬಹುದು. 1 ಕಿಲೊ ಮೀನು ಬೆಳೆಯಲು ಶೇ. 28 ಪ್ರೋಟೀನಿನ 1.5 ಕಿಲೊ ಆಹಾರ ಖರ್ಚಾಯಿತೆಂದರೆ ಒಳಬಂದ ಸಾರಜನಕ ಸುಮಾರು 67 ಗ್ರಾಂ. ಮೀನಿನ ಮೈಯ ಶೇ. 16ರಷ್ಟು ಪ್ರೋಟೀನೆಂದು ಹಿಡಿದರೆ ಅದರಲ್ಲಿ ನಿಂತದ್ದು ಸುಮಾರು 26 ಗ್ರಾಂ. ಮಿಕ್ಕ 41 ಗ್ರಾಂ ಕೊಳದ ಪಾಲು. ಅದೇ 1 ಕಿಲೊ ಮೀನಿಗೆ 2.5 ಕಿಲೊ ಆಹಾರ ಬೇಕಾದರೆ ಕೊಳದ ಪಾಲು 86 ಗ್ರಾಂ ದಾಟುತ್ತದೆ. ಅಂದರೆ ಆಹಾರದ ಪ್ರೋಟೀನನ್ನು ಎರಡು ಮೂರು ಶೇಕಡಾ ತಗ್ಗಿಸುವುದಕ್ಕಿಂತ ಪೋಲನ್ನು ತಡೆಯುವುದರಿಂದ ನೀರಿಗೆ ಆಗುವ ಉಪಕಾರ ಹೆಚ್ಚು.

ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ: ಹೆಚ್ಚು ಹಾನಿಯಿಲ್ಲದ ಅಮೋನಿಯಂ ಅಯಾನು, ಮತ್ತು ಕಿವಿರಿನ ಪೊರೆಯನ್ನು ಸುಲಭವಾಗಿ ದಾಟುವ, ವಿಷಕಾರಿಯಾದ ಮುಕ್ತ ಅಮೋನಿಯ. ಎರಡರ ಪಾಲನ್ನು ನಿರ್ಧರಿಸುವುದು ಮುಖ್ಯವಾಗಿ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರ ಮಟ್ಟ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಮುಕ್ತ ರೂಪ ಒಟ್ಟು ಅಮೋನಿಯದ ಶೇ. 1ಕ್ಕೂ ಕಡಿಮೆ, 8ಕ್ಕೇರಿದಾಗ ಸುಮಾರು ಶೇ. 5; 9ರಲ್ಲಿ ಶೇ. 36. ಹಸಿರುಗಟ್ಟಿದ ಕೊಳದಲ್ಲಿ ಪಾಚಿಯು ಬಿಸಿಲಿಗೆ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಪಿಎಚ್ ಅನ್ನು ಏರಿಸುವುದರಿಂದ, ಬೆಳಗಿನ ಪರೀಕ್ಷೆಯಲ್ಲಿ ನಿರಪಾಯಕರವೆಂದು ತೋರಿದ ನೀರೇ ಮಧ್ಯಾಹ್ನದ ಇಳಿಹೊತ್ತಿಗೆ ಅಪಾಯಕಾರಿಯಾಗಬಹುದು. ಹೊರಗಿನ ನೀರಿನಲ್ಲಿ ಅಮೋನಿಯ ಹೆಚ್ಚಿದಷ್ಟೂ ಕಿವಿರಿನಿಂದ ಅದು ಹೊರಹೋಗುವುದು ಕಷ್ಟವಾಗಿ ರಕ್ತದಲ್ಲೇ ಶೇಖರವಾಗುತ್ತದೆ. ಮೀನು ಮೇವು ಬಿಡುತ್ತದೆ. ತಿನ್ನದೆ ಉಳಿದ ಮೇವು ಕೊಳೆತು ಮತ್ತಷ್ಟು ಅಮೋನಿಯವನ್ನು ಕೂಡಿಸುತ್ತದೆ.

ಬ್ಯಾಕ್ಟೀರಿಯಗಳು ಅಮೋನಿಯವನ್ನು ಮೊದಲು ನೈಟ್ರೈಟಾಗಿ, ಆಮೇಲೆ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟಾಗಿ ಪರಿವರ್ತಿಸುತ್ತವೆ. ಈ ಶುದ್ಧೀಕರಣವೇನೂ ಬಿಟ್ಟಿಯಲ್ಲ: 1 ಗ್ರಾಂ ಅಮೋನಿಯ ಸಾರಜನಕಕ್ಕೆ ಸುಮಾರು 4.6 ಗ್ರಾಂ ಆಮ್ಲಜನಕ ವ್ಯಯವಾಗುವುದಲ್ಲದೆ ನೀರಿನ ಕ್ಷಾರೀಯತೆಯೂ ಕುಗ್ಗುವುದರಿಂದ ಆಗಾಗ ಸುಣ್ಣ ಹಾಕಬೇಕಾಗುತ್ತದೆ. ನಡುವಿನ ಹಂತದ ನೈಟ್ರೈಟ್ ಶೇಖರವಾದರೆ ಅದು ರಕ್ತದ ಹಿಮೋಗ್ಲೋಬಿನನ್ನು ಆಮ್ಲಜನಕ ಒಯ್ಯಲಾರದಂತೆ ಮಾಡಿ ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ಅಡುಗೆ ಉಪ್ಪಿನಲ್ಲಿರುವ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿನ ಪ್ರವೇಶವನ್ನು ತಡೆಯುತ್ತದೆ. ಸಾರಜನಕದೊಡನೆ ರಂಜಕವೂ ಸೇರಿ ಪಾಚಿ ಅತಿಯಾಗಿ ಬೆಳೆದಾಗ ರಾತ್ರಿಯಿಡೀ ಅದರ ಉಸಿರಾಟಕ್ಕೆ ಆಮ್ಲಜನಕ ಖರ್ಚಾಗಿ, ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ.

ಆದರೆ ಮಣ್ಣಿನ ಕೊಳದಲ್ಲಿ ಹೀಗೆ ಹೊರಬಿದ್ದ ಸಾರಜನಕವೆಲ್ಲ ನಷ್ಟವಲ್ಲ. ಅದನ್ನುಂಡ ಪಾಚಿಯನ್ನು ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳಾದ ಪ್ರಾಣಿಪ್ಲವಕಗಳೂ, ಅವುಗಳನ್ನು ಮೇಲ್ನೀರಿನ ಕಾಟ್ಲಾ ಮೀನೂ ತಿನ್ನುತ್ತವೆ. ತಳದ ಕೊಳೆತ ಪದಾರ್ಥವನ್ನು ಮೃಗಾಲ್ ಮೇಯುತ್ತದೆ. ಪ್ಲವಕಗಳು ಪ್ರೋಟೀನು ಸಮೃದ್ಧವಾದ ಆಹಾರವಾದುದರಿಂದ, ಗೊಬ್ಬರ ಹಾಕಿ ಅವುಗಳನ್ನು ಬೆಳೆಸಿದ ಕೊಳದಲ್ಲಿ ಮೀನಿನ ಸಾಂದ್ರತೆ ಮಿತವಾಗಿದ್ದರೆ ಹೊರಗಿನ ಆಹಾರ ಮುಖ್ಯವಾಗಿ ಶಕ್ತಿಯನ್ನು ಒದಗಿಸಿದರೂ ನಡೆಯುತ್ತದೆ. ಗೆಂಡೆಗಳು ಪಿಷ್ಟವನ್ನು ಚೆನ್ನಾಗಿ ಬಳಸಿಕೊಳ್ಳಬಲ್ಲವಾದ್ದರಿಂದ ತೌಡು, ಜೋಳದಂಥ ಪದಾರ್ಥಗಳಿಂದ ಶಕ್ತಿ ದೊರೆತಾಗ ಪ್ರೋಟೀನು ಉರಿದುಹೋಗದೆ ಮಾಂಸಕ್ಕೆ ಉಳಿಯುತ್ತದೆ. ಇದನ್ನು ಪ್ರೋಟೀನಿನ ಉಳಿತಾಯವೆನ್ನುತ್ತಾರೆ.

ಪೋಲನ್ನು ತಗ್ಗಿಸಲು ಆಂಧ್ರದ ಕೊಲ್ಲೇರು ಸರೋವರದ ಸುತ್ತಲಿನ ಕೊಳಗಳಲ್ಲಿ ಎಣ್ಣೆ ತೆಗೆದ ತೌಡನ್ನೂ ಹಿಂಡಿಯನ್ನೂ ತೂತಿನ ಚೀಲಗಳಲ್ಲಿ ತುಂಬಿ ಬಿದಿರಿನ ಗಳಕ್ಕೆ ಕಟ್ಟುವ ಪದ್ಧತಿ ಬೆಳೆದುಬಂದಿದೆ. ಮೀನು ಚೀಲವನ್ನು ಕುಕ್ಕಿ ಬೇಕಾದಷ್ಟನ್ನೇ ತಿನ್ನುತ್ತದೆ. ಹೆಚ್ಚು ಪ್ರೋಟೀನಿನ ಮತ್ತು ಕಡಿಮೆ ಪ್ರೋಟೀನಿನ ಆಹಾರಗಳನ್ನು ದಿನಗಳ ಸರದಿಯಲ್ಲಿ ಕೊಡುವುದು ಇನ್ನೊಂದು ಕ್ರಮ. ಶ್ರೀಲಂಕಾ ಮೂಲದ ಮತ್ಸ್ಯವಿಜ್ಞಾನಿ ಸೇನಾ ಡಿ ಸಿಲ್ವ ಪ್ರತಿಪಾದಿಸಿದ ಇದನ್ನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ದುಡಿದ ಎಂ. ಸಿ. ನಂದೀಶ ಮತ್ತು ಸಂಗಡಿಗರು 1990ರ ದಶಕದಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳ ಮೇಲೆ ಪರೀಕ್ಷಿಸಿ, ಬೆಳವಣಿಗೆ ಕುಂದದಂತೆ ಪ್ರೋಟೀನಿನ ವೆಚ್ಚವನ್ನು ಇಳಿಸುವ ಸಾಧ್ಯತೆಯನ್ನು ತೋರಿದರು.

ತೊಟ್ಟಿಗಳಲ್ಲಿ ದಟ್ಟವಾಗಿ ಮೀನು ಸಾಕುವ ಬಯೋಫ್ಲಾಕ್ ವಿಧಾನ ಸಾರಜನಕವನ್ನು ಹೊರಹಾಕುವ ಬದಲು ಮರಳಿ ಆಹಾರವಾಗಿಸುತ್ತದೆ. ಬೆಲ್ಲ, ಕಾಕಂಬಿಯಂಥ ಇಂಗಾಲದ ಪದಾರ್ಥವನ್ನು 1 ಗ್ರಾಂ ಅಮೋನಿಯ ಸಾರಜನಕಕ್ಕೆ ಸುಮಾರು 20 ಗ್ರಾಂ ಪಿಷ್ಟ-ಶರ್ಕರದ ಲೆಕ್ಕದಲ್ಲಿ ಸೇರಿಸಿದಾಗ ಬ್ಯಾಕ್ಟೀರಿಯಗಳು ಅಮೋನಿಯವನ್ನು ತಮ್ಮ ಮೈಯ ಪ್ರೋಟೀನಾಗಿ ಕಟ್ಟಿಕೊಂಡು, ಕೂಡಿಕೊಂಡು ತೇಲುವ ಕಣಗಳಾಗುತ್ತವೆ; ತಿಲಾಪಿಯದಂಥ ಮೀನು ಅವನ್ನು ತಿನ್ನುತ್ತದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಸಹಾಯಧನದಿಂದ ಇಂಥ ತೊಟ್ಟಿಗಳು ಕರ್ನಾಟಕದಲ್ಲೂ ಪ್ರಚಾರ ಪಡೆದಿವೆ. ಬ್ಯಾಕ್ಟೀರಿಯವೂ ಮೀನೂ ಒಂದೇ ನೀರಿನ ಆಮ್ಲಜನಕವನ್ನು ಹಂಚಿಕೊಳ್ಳುವುದರಿಂದ ಗಾಳಿ ಹಾಯಿಸುವ ಯಂತ್ರ ಹಗಲಿರುಳೂ ನಡೆಯಬೇಕಾಗಿದ್ದು, ವಿದ್ಯುತ್ತಿನ ಭರವಸೆಯಾಗಲಿ ಜನರೇಟರಾಗಲಿ ಇಲ್ಲದ ಕಡೆ ಈ ವಿಧಾನಕ್ಕಿಂತ ವಿರಳ ಬಿತ್ತನೆಯ ಮಣ್ಣಿನ ಕೊಳವೇ ಹೆಚ್ಚು ಸುರಕ್ಷಿತ.