ವೆಬ್‌ಸೈಟ್ ನೋಡಿದರೂ ಪರಿಸರ ಹಾಳಾಗುತ್ತದೆಯೇ? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ

"ಅರ್ಧ ಗಂಟೆ ವಿಡಿಯೋ ನೋಡಿದರೆ ಆರು ಕಿಲೋಮೀಟರ್ ಕಾರು ಓಡಿಸಿದಷ್ಟು ಹೊಗೆ." "ಮೊಬೈಲ್ ಪರದೆ ಕಪ್ಪು ಮಾಡಿ, ಭೂಮಿ ಉಳಿಸಿ." ಇಂಥ ಸಂದೇಶಗಳು ಆಗಾಗ ವಾಟ್ಸಾಪ್ ಗುಂಪುಗಳಿಗೆ ಬರುತ್ತವೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಾದರೆ ತೊಗರಿ ದರ, ಪಹಣಿ ವಿಚಾರ, ಗಾಣಗಾಪುರದ ಹುಣ್ಣಿಮೆ ಫೋಟೋಗಳ ನಡುವೆ ಇವನ್ನೂ ನೋಡಿರುತ್ತೀರಿ.

ಚಿಕ್ಕದಾಗಿ ಹೇಳುವುದಾದರೆ, ಕಾರಿನ ಲೆಕ್ಕ ತಪ್ಪು, ಕಪ್ಪು ಪರದೆಯ ಮಾತು ಅರ್ಧ ಸತ್ಯ. ಆದರೆ ವೆಬ್‌ಸೈಟ್‌ಗಳು ಹಗುರವಾಗಿರಬೇಕು ಎಂಬ ಮಾತು ಮಾತ್ರ ಸರಿ. ಅದಕ್ಕಿರುವ ಕಾರಣ ಬೇರೆ.

ಕಾರಿನ ಲೆಕ್ಕ ಎಲ್ಲಿಂದ ಬಂತು?

ಫ್ರಾನ್ಸ್‌ನ 'ದಿ ಶಿಫ್ಟ್ ಪ್ರಾಜೆಕ್ಟ್' ಎಂಬ ಸಂಸ್ಥೆಯ ಅಂದಾಜು 2019ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಅರ್ಧ ಗಂಟೆ ವಿಡಿಯೋಗೆ 1.6 ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ ಸುಮಾರು ಆರು ಕಿ.ಮೀ. ಕಾರು ಪ್ರಯಾಣ ಎಂದು ಅದು ಹೇಳಿತ್ತು. ಅದರಲ್ಲಿ ಬಿಟ್ ಮತ್ತು ಬೈಟ್ ಅದಲುಬದಲಾಗಿತ್ತು. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹೀಗಾಗಿ ಆ ಒಂದು ತಪ್ಪಿಗೇ ಉತ್ತರ ಎಂಟು ಪಟ್ಟು ಏರಿತ್ತು. 2020ರಲ್ಲಿ ಸಂಸ್ಥೆಯೇ ತಪ್ಪನ್ನು ಒಪ್ಪಿಕೊಂಡಿತು. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ (ಐಇಎ) ಅದೇ ವರ್ಷ ಪರಿಷ್ಕರಿಸಿದ ಲೆಕ್ಕದಲ್ಲಿ ಒಂದು ಗಂಟೆಯ ವಿಡಿಯೋಗೆ ಬರುವುದು ಜಾಗತಿಕ ಸರಾಸರಿಯಲ್ಲಿ ಸುಮಾರು 36 ಗ್ರಾಂ. ಫಾರ್ವರ್ಡ್ ಮಾತ್ರ ಹಳೆಯ ಸಂಖ್ಯೆ ಹೊತ್ತುಕೊಂಡು ಇನ್ನೂ ತಿರುಗುತ್ತಿದೆ.

ನಿಮ್ಮ ಫೋನಿನ ಲೆಕ್ಕವನ್ನು ನೀವೇ ಹಾಕಬಹುದು. 5000 ಎಂಎಎಚ್ ಬ್ಯಾಟರಿ ಹಿಡಿಯುವುದು ಸುಮಾರು 19 ವ್ಯಾಟ್-ಅವರ್. ಚಾರ್ಜರಿನಲ್ಲಿ ಹೋಗುವ ನಷ್ಟ ಸೇರಿಸಿದರೂ ಒಂದು ಯೂನಿಟ್ ಕರೆಂಟಿನಲ್ಲಿ 40 ಸಲ ಪೂರ್ತಿ ಚಾರ್ಜ್ ಆಗುತ್ತದೆ. ಹೊಲದ 5 ಎಚ್‌ಪಿ ಪಂಪ್‌ಸೆಟ್ ಒಂದು ಗಂಟೆಗೆ ಸುಮಾರು 4 ಯೂನಿಟ್ ಎಳೆಯುತ್ತದೆ. ಅಂದರೆ ಪಂಪ್ ಒಂದು ತಾಸು ಓಡುವ ಕರೆಂಟಿನಲ್ಲಿ ಫೋನನ್ನು ಐದು ತಿಂಗಳು ದಿನಾ ಚಾರ್ಜ್ ಮಾಡಬಹುದು. ಒಂದು ವೆಬ್ ಪುಟ ತೆರೆದಿದ್ದಕ್ಕೆ ತಪ್ಪಿತಸ್ಥ ಭಾವ ಬೇಡ.

ಹಾಗಾದರೆ ಹಾನಿ ಎಲ್ಲಿದೆ?

ಪುಟದ ಹಿಂದೆ ಮೂರು ಕಡೆ ಕರೆಂಟ್ ಬೇಕು: ಸರ್ವರ್ ಇರುವ ಡೇಟಾ ಸೆಂಟರ್, ದಾರಿಯಲ್ಲಿ ಬರುವ ಕೇಬಲ್ ಮತ್ತು ಟವರ್, ಕೊನೆಗೆ ನಿಮ್ಮ ಫೋನ್. ಐಇಎ ಪ್ರಕಾರ 2024ರಲ್ಲಿ ಡೇಟಾ ಸೆಂಟರ್‌ಗಳು ಜಗತ್ತಿನ ವಿದ್ಯುತ್ತಿನಲ್ಲಿ ಸುಮಾರು ಶೇ. 1.5ರಷ್ಟನ್ನು ಬಳಸಿವೆ. ಭಾರತದ ದೊಡ್ಡ ಡೇಟಾ ಸೆಂಟರ್‌ಗಳು ಹೆಚ್ಚಾಗಿ ಮುಂಬೈ, ಚೆನ್ನೈಗಳಲ್ಲಿವೆ. ನಮ್ಮಲ್ಲಿ ಇನ್ನೂ ಹೆಚ್ಚಿನ ವಿದ್ಯುತ್ ಕಲ್ಲಿದ್ದಲಿನದು, ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಫಜಲಪುರ, ಜೇವರ್ಗಿ ದಾಟಿದ ಭೀಮೆ ಮುಂದೆ ಕೃಷ್ಣೆಯನ್ನು ಸೇರುತ್ತಾಳೆ. ಅದೇ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್‌ನ ರಾಯಚೂರು ಉಷ್ಣ ವಿದ್ಯುತ್ ಸ್ಥಾವರವಿದೆ. ನೀವು ಚಾರ್ಜಿಗೆ ಹಾಕುವ ಕರೆಂಟಿನ ಜಾಲದಲ್ಲಿ ಅದೂ ಸೇರಿದೆ.

ಟವರ್ ವಿಷಯ ಸ್ವಲ್ಪ ವಿಚಿತ್ರ. ನೀವು ಪುಟ ತೆರೆದರೂ ಬಿಟ್ಟರೂ ಅದು ಹೆಚ್ಚು ಕಡಿಮೆ ಅಷ್ಟೇ ಕರೆಂಟ್ ಎಳೆಯುತ್ತದೆ. ಆದ್ದರಿಂದ "ಒಂದು ಎಂಬಿಗೆ ಇಷ್ಟು ಗ್ರಾಂ" ಎಂದು ಗುಣಿಸುವ ಲೆಕ್ಕಗಳನ್ನು ಪೂರ್ತಿ ನಂಬಬೇಡಿ. ಎಲ್ಲರ ಬಳಕೆ ಒಟ್ಟಾಗಿ ಏರಿದಾಗ ಹೊಸ ಉಪಕರಣ, ಹೊಸ ಟವರ್ ಬೇಕಾಗುತ್ತದೆ, ಹೊರೆ ಬೀಳುವುದು ಆಗ. ಕರೆಂಟ್ ಹೋದಾಗ ಟವರ್ ಬ್ಯಾಟರಿ, ಡೀಸೆಲ್ ಜನರೇಟರ್ ಮೇಲೆ ನಡೆಯುತ್ತದೆ. ಈ ಡೀಸೆಲ್ ತಗ್ಗಿಸಲೆಂದೇ ದೂರಸಂಪರ್ಕ ಇಲಾಖೆ 2012ರಲ್ಲಿ, 2015ರೊಳಗೆ ಅರ್ಧದಷ್ಟು ಗ್ರಾಮೀಣ ಟವರ್‌ಗಳು ಸೌರಶಕ್ತಿಯಂಥ ಮೂಲ ಸೇರಿದ ಮಿಶ್ರ ವಿದ್ಯುತ್ತಿನಲ್ಲಿ ನಡೆಯಬೇಕು ಎಂದು ಸೂಚಿಸಿತ್ತು.

ನನ್ನ ಪ್ರಕಾರ ಅಸಲಿ ವಿಷಯ ಇದ್ಯಾವುದೂ ಅಲ್ಲ, ಫೋನಿನ ಆಯುಷ್ಯ. ಸ್ಮಾರ್ಟ್‌ಫೋನಿನಿಂದ ಆಗುವ ಮಾಲಿನ್ಯದ ದೊಡ್ಡ ಪಾಲು ಅದು ನಿಮ್ಮ ಕೈಗೆ ಬರುವ ಮುಂಚೆಯೇ, ಗಣಿ ಮತ್ತು ಕಾರ್ಖಾನೆಯಲ್ಲಿ, ಆಗಿಹೋಗಿರುತ್ತದೆ. ಹಾಗಾಗಿ ಇರುವ ಫೋನನ್ನು ಎರಡು ವರ್ಷ ಹೆಚ್ಚು ಬಳಸುವುದು ನೂರು "ಹಸಿರು" ಉಪಾಯಗಳಿಗಿಂತ ಮೇಲು. ಆದರೆ ವೆಬ್‌ಸೈಟ್‌ಗಳು ಭಾರವಾದಂತೆ ಹಳೆಯ ಫೋನ್ ಒದ್ದಾಡುತ್ತದೆ, "ಫೋನ್ ಹ್ಯಾಂಗ್ ಆಗ್ತಿದೆ, ಹೊಸದು ತಗೋಬೇಕು" ಅನ್ನಿಸುತ್ತದೆ. ಎಷ್ಟೋ ಸಲ ಹಳತಾಗಿರುವುದು ಫೋನ್ ಅಲ್ಲ, ಪುಟದ ತೂಕ ಏರಿರುತ್ತದೆ. ಎಚ್‌ಟಿಟಿಪಿ ಆರ್ಕೈವ್ ಮಾಹಿತಿಯಂತೆ 2024ರಲ್ಲಿ ಮೊಬೈಲಿನಲ್ಲಿ ತೆರೆಯುವ ಸಾಮಾನ್ಯ ಮುಖಪುಟವೊಂದು ಸುಮಾರು 2.3 ಎಂಬಿ ಇತ್ತು. ಹತ್ತು ವರ್ಷದ ಹಿಂದೆ ಅದು ಒಂದು ಎಂಬಿಗಿಂತ ಕಡಿಮೆ.

ಕನ್ನಡ ಪುಟದ ತೂಕ ಎಷ್ಟು?

ಕನ್ನಡದ ಯೂನಿಕೋಡ್ ಅಕ್ಷರಗಳಿಗೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು ಎಂಬುದು ನಿಜ. ಪ್ರತಿ ಸಂಕೇತಕ್ಕೆ 3 ಬೈಟ್. 'ಕ್ಷ' ಬರೆಯಲು ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಕೇತ, ಅಂದರೆ 9 ಬೈಟ್. ಆದರೂ ನೀವು ಓದುತ್ತಿರುವ ಈ ಇಡೀ ಲೇಖನದ ಅಕ್ಷರಗಳು 20 ಕೆಬಿ ಆಸುಪಾಸು. ಸರ್ವರ್ ಅದನ್ನು ಕುಗ್ಗಿಸಿ ಕಳಿಸಿದರೆ ಇನ್ನೂ ಕಡಿಮೆ. ಉಳಿದ ತೂಕವೆಲ್ಲ ದೊಡ್ಡ ಫೋಟೋ, ತಾನಾಗಿಯೇ ಓಡುವ ವಿಡಿಯೋ, ಜಾಹೀರಾತು, ನಿಮ್ಮ ಬೆನ್ನು ಹತ್ತುವ ಟ್ರ್ಯಾಕರ್‌ಗಳು, ಅಂದದ ಫಾಂಟ್‌ಗಳದ್ದು. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಫಾಂಟ್ ಹೇಗೂ ಇರುವಾಗ ಮತ್ತೊಂದನ್ನು ಇಳಿಸುವುದು ಬೇಡದ ಹೊರೆ.

ದಿನದ ಡೇಟಾ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿದಾಗ ಇದರ ಬಿಸಿ ತಟ್ಟುತ್ತದೆ. 2.3 ಎಂಬಿ ಪುಟ ತೆರೆಯಲು ಐದು ನಿಮಿಷದ ಹತ್ತಿರ ಬೇಕು. 20 ಕೆಬಿ ಅಕ್ಷರಕ್ಕೆ ಎರಡೂವರೆ ಸೆಕೆಂಡ್ ಸಾಕು. ಬೆಳೆ ವಿಮೆಯ ಕೊನೆ ದಿನ, ಭೀಮಾ ನದಿಯ ಪ್ರವಾಹದ ಎಚ್ಚರಿಕೆ ಇಂಥವನ್ನು ಸ್ಕ್ಯಾನ್ ಮಾಡಿದ ಚಿತ್ರವಾಗಿ ಹಾಕುವ ಬದಲು ಅಕ್ಷರದಲ್ಲೇ ಟೈಪ್ ಮಾಡಿ ಹಾಕಿದರೆ ಕರೆಂಟ್ ಉಳಿತಾಯಕ್ಕಿಂತ ದೊಡ್ಡ ಲಾಭ, ಸುದ್ದಿ ಸಮಯಕ್ಕೆ ತಲುಪುತ್ತದೆ. ಹುಡುಕಿದರೂ ಸಿಗುತ್ತದೆ, ಕಣ್ಣು ಕಾಣದವರಿಗೆ ಫೋನ್ ಓದಿಯೂ ಹೇಳುತ್ತದೆ.

ಹೀಗೆ ಕಟ್ಟಿದ ತಾಣಗಳಿವೆ. ಬಾರ್ಸಿಲೋನಾದ 'ಲೋ-ಟೆಕ್ ಮ್ಯಾಗಜೀನ್' 2018ರಿಂದ ಒಂದು ಸೌರ ಫಲಕ, ಒಂದು ಬ್ಯಾಟರಿಯ ಮೇಲೆ ನಡೆಯುತ್ತಿದೆ. ಚಿತ್ರಗಳನ್ನು ಚುಕ್ಕೆ ಚುಕ್ಕೆಯಾಗಿ ಕುಗ್ಗಿಸಿ ಹಾಕುತ್ತಾರೆ. ಮೋಡ ಬಹಳ ದಿನ ಕವಿದರೆ ತಾಣ ಬಂದ್! ಎಲ್ಲರೂ ಅಷ್ಟು ದೂರ ಹೋಗಬೇಕಿಲ್ಲ.

ಕಪ್ಪು ಪರದೆಯ ಕಥೆ

ಕಪ್ಪು ಬಣ್ಣದಿಂದ ಉಳಿತಾಯ ಆಗುವುದು ಓಎಲ್‌ಇಡಿ ಅಥವಾ ಅಮೋಲೆಡ್ ಪರದೆಯಲ್ಲಿ ಮಾತ್ರ. ಅದರಲ್ಲಿ ಕಪ್ಪು ಎಂದರೆ ಆ ಚುಕ್ಕೆಯ ದೀಪ ಆರಿದಂತೆ. ಕಡಿಮೆ ಬೆಲೆಯ ಬಹಳಷ್ಟು ಫೋನ್‌ಗಳ ಎಲ್‌ಸಿಡಿಯಲ್ಲಿ ಹಿಂದಿನ ದೀಪ ಸದಾ ಉರಿಯುತ್ತಿರುತ್ತದೆ, ಮುಂದೆ ಯಾವ ಬಣ್ಣವಿದ್ದರೂ ಸರಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 2021ರಲ್ಲಿ ಓಎಲ್‌ಇಡಿ ಫೋನ್‌ಗಳನ್ನು ಪರೀಕ್ಷಿಸಿತ್ತು. ಬೆಳಕು ಶೇ. 30ರಿಂದ 50ರಷ್ಟಿದ್ದಾಗ ಉಳಿದದ್ದು ಶೇ. 3ರಿಂದ 9 ಮಾತ್ರ. ಪೂರ್ತಿ ಬೆಳಕಿನಲ್ಲಿ ಶೇ. 39ರಿಂದ 47. ಅಂದರೆ ಹೊಲದ ಬಿಸಿಲಲ್ಲಿ ಲಾಭ ಹೆಚ್ಚು, ರಾತ್ರಿ ಹಾಸಿಗೆಯಲ್ಲಿ ಅಷ್ಟಕ್ಕಷ್ಟೆ. ಯಾವ ಪರದೆಯಾದರೂ ಬೆಳಕು ತಗ್ಗಿಸಿದರೆ ಬ್ಯಾಟರಿ ಖಂಡಿತ ಉಳಿಯುತ್ತದೆ.

ನಿಮ್ಮ ಊರಿನ ಶಾಲೆ, ಸೊಸೈಟಿ ಅಥವಾ ಅಂಗಡಿಯ ವೆಬ್‌ಸೈಟ್ ಎಷ್ಟು ಭಾರವೆಂದು ತಿಳಿಯಲು ಅದರ ವಿಳಾಸವನ್ನು ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಪುಟದಲ್ಲಿ ಹಾಕಿ ನೋಡಿ, ಉಚಿತವಾಗಿದೆ. ಯಾವ ಚಿತ್ರ, ಯಾವ ಕೋಡ್ ತೂಕ ಏರಿಸಿದೆ ಎಂದು ಅದೇ ತೋರಿಸುತ್ತದೆ. ಆ ಫಲಿತಾಂಶವನ್ನು ವೆಬ್‌ಸೈಟ್ ಮಾಡಿಕೊಟ್ಟವರಿಗೆ ಕಳಿಸಿ.